ಮೊದಲು ನಡುಕ, ಆಮೇಲೆ ಸಪ್ಪಳ

ನಾನು ಗಂಗಾವತಿಯಲ್ಲಿ ಹುಟ್ಟಿ ಬೆಳೆದವಳು. ನನಗೆ ಗೊತ್ತಿದ್ದ ದೊಡ್ಡ ಸದ್ದೆಂದರೆ ಅಕ್ಕಿ ಗಿರಣಿಯದು. ಆದರೆ ನೌಕರಿ ಸಿಕ್ಕಿದ್ದು ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ. ಪಾಠಕ್ಕೆ ಇದ್ದವರು ಹೆಡ್ ಮಾಸ್ತರು ಮತ್ತು ನಾನು, ಇಬ್ಬರೇ; ಬಿಸಿಯೂಟ ಮಾಡಿಹಾಕಲು ಅದೇ ಊರಿನ ಅಡುಗೆಯ ಅಕ್ಕ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ನನ್ನ ಪಾಲಿಗೆ, ಒಂದೇ ಕೋಣೆಯಲ್ಲಿ, ಚಾಪೆಯ ಮೇಲೆ. ಶಾಲೆಯ ಹಿಂದೆ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಕಲ್ಲುಗುಡ್ಡ. ಅದನ್ನು ಕ್ವಾರಿಯವರು ಒಂದು ಕಡೆಯಿಂದ ಒಡೆಯುತ್ತಾ ಬಂದಿದ್ದರು. ಬಿಸಿಯೂಟದ ಗಂಟೆಗೆ ಸ್ವಲ್ಪ ಮೊದಲು ಅಲ್ಲಿ ಮದ್ದು ಹಾರಿಸುತ್ತಿದ್ದರು. ಮಕ್ಕಳಿಗೆ ಅದು ರೂಢಿಯಾಗಿತ್ತು. ನಾನು ಮಾತ್ರ ಪ್ರತಿ ಸಲ ಬೆಚ್ಚಿಬಿದ್ದು ಅವರ ನಗೆಗೆ ಗುರಿಯಾಗುತ್ತಿದ್ದೆ.

ಒಂದು ದಿನ ಸದ್ದಿನ ಪಾಠ ಬಂತು. ಎಲ್ಲರಿಗೂ ಗಂಟಲ ಮೇಲೆ ಬೆರಳಿಟ್ಟುಕೊಂಡು 'ಹೂಂ' ಅನ್ನಲು ಹೇಳಿದೆ.

"ಟೀಚರ್ರೀ, ಒಳಗ ಜೀರುಂಡಿ ಕುಂತೈತ್ರಿ!" ಎಂದು ಒಬ್ಬ ಚೀರಿದ.

ಊಟದ ತಾಟಿಗೆ ಸೌಟಿನಿಂದ ಹೊಡೆದು ಅಂಚನ್ನು ಮೆಲ್ಲಗೆ ಮುಟ್ಟಿಸಿದೆ. ಆಮೇಲೆ ಗಟ್ಟಿಯಾಗಿ ಹಿಡಿಯಲು ಹೇಳಿದೆ. ಸದ್ದು ತಟ್ಟನೆ ನಿಂತಿತು. "ನೋಡ್ರಿ, ನಡಗೋದು ನಿಂತ್ರ ಸಪ್ಪಳಾನೂ ನಿಲ್ತೈತಿ," ಎಂದೆ. ಕೊನೆಗೆ ಒಂದು ಖಾಲಿ ಡಬ್ಬಿಯ ಬಾಯಿಗೆ ಬಲೂನು ಹರಿದು ಬಿಗಿದು ಕಟ್ಟಿ, ಅದರ ಮೇಲೆ ನಾಲ್ಕು ಸಜ್ಜೆ ಕಾಳು ಹಾಕಿದೆ. ಮಕ್ಕಳು ಡಬ್ಬಿಯ ಹತ್ತಿರ ಬಾಯಿ ತಂದು ಕೂಗಿದಂತೆಲ್ಲ ಕಾಳು ಕುಣಿದವು.

ಎರಡನೆಯ ತರಗತಿಯ ಒಬ್ಬ ಹುಡುಗಿ ಕೂಗಲಿಲ್ಲ. ಅವಳ ಮನೆಯವರು ಹುಲಿಹೈದರ ಕಡೆಯಿಂದ ದುಡಿಯಲು ಬಂದವರು. ಊರ ಹೊರಗೆ ತಗಡಿನ ಶೆಡ್ಡಿನಲ್ಲಿದ್ದರು. ಅಪ್ಪ ಕ್ವಾರಿಯಲ್ಲಿ ಬಂಡೆಗೆ ಮಷಿನ್ನಿನಿಂದ ತೂತು ಕೊರೆಯುವ ಕೆಲಸ ಮಾಡುತ್ತಿದ್ದ.

"ಟೀಚರ್ರೀ, ನಮ್ಮಪ್ಪನ ಕೈಯಾಗೂ ಸಪ್ಪಳ ಇರತೈತೇನ್ರಿ?" ಎಂದಳು.

"ಯಾಕವಾ?"

"ಮನಿಗಿ ಬಂದ ಮ್ಯಾಲೂ ನಡಗ್ತಾವ್ರಿ. ಚಾದ ಕಪ್ಪು ಹಿಡ್ಯಾಕ ಬರಂಗಿಲ್ರಿ. ನಮ್ಮವ್ವಾನೇ ಕುಡಸ್ತಾಳ."

ಮಷಿನ್ನಿನ ನಡುಕ ಕೈಯೊಳಗೆ ಹೊಕ್ಕು ಕುಳಿತಿರುತ್ತದೆ ಎಂದು ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಯಾರೂ ಕೂಗದೆಯೇ ಡಬ್ಬಿಯ ಮೇಲಿನ ಕಾಳು ಟಣ್ಣನೆ ಜಿಗಿದವು. ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಗುಡ್ಡದ ಕಡೆಯಿಂದ ಢಂ ಎಂದಿತು.

"ಮೊದಲ ಕಾಳು ಜಿಗದ್ವು, ಆಮ್ಯಾಲ ಸಪ್ಪಳ ಬಂತ್ರಿ!" ಎಂದು ಅದೇ ಹುಡುಗಿ ಎದ್ದು ನಿಂತಳು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನಡುಕ ಕಲ್ಲಿನೊಳಗೆ ಜೋರಾಗಿ ಓಡುತ್ತದೆ, ಗಾಳಿಯಲ್ಲಿ ನಿಧಾನ; ಅದಕ್ಕೇ ಕಿವಿಗಿಂತ ಮೊದಲು ನೆಲಕ್ಕೆ ಗೊತ್ತಾಗುತ್ತದೆ ಎಂದು ವಿವರಿಸಿದೆ. ಅಂದಿನಿಂದ ಅದು ಅವರ ನಿತ್ಯದ ಆಟವಾಯಿತು. ಊಟದ ಹೊತ್ತು ಹತ್ತಿರ ಬಂದರೆ ಸಾಕು, ಎಲ್ಲರೂ ಉಸಿರು ಬಿಗಿಹಿಡಿದು ಡಬ್ಬಿಯ ಸುತ್ತ ಕೂರುತ್ತಿದ್ದರು. ಅಷ್ಟು ಗದ್ದಲದ ಮಕ್ಕಳು ಅಷ್ಟು ಸುಮ್ಮನೆ ಕೂತಿದ್ದನ್ನು ನಾನು ಕಂಡಿರಲಿಲ್ಲ.

ಬೇಸಿಗೆಯ ಮೊದಲಲ್ಲಿ ಬ್ಲಾಸ್ಟಿಂಗ್ ಜೋರಾಯಿತು. ಗೋಡೆಯ ಗಾರೆ ಉದುರಿ ಮಕ್ಕಳ ತಲೆಯ ಮೇಲೆ ಬೀಳತೊಡಗಿತು. ಹೆಡ್ ಮಾಸ್ತರು ಎರಡು ಸಲ ಕ್ವಾರಿಗೆ ಹೋಗಿ ಹೇಳಿಬಂದರು. ಅಲ್ಲಿಯ ಮೇಸ್ತ್ರಿ, "ಆತ್ರಿ ಸರ್, ನೋಡೂಣು," ಎಂದು ಚಹಾ ಕುಡಿಸಿ ಕಳಿಸಿದ್ದ.

ಒಂದು ದಿನ ಕಾಳು ಜಿಗಿಯಲಿಲ್ಲ, ಡಬ್ಬಿಯೇ ಉರುಳಿಬಿತ್ತು. ಸದ್ದು ಬಂದಾಗ ಕಿಟಕಿಯ ಬಾಗಿಲು ಕಿತ್ತುಬಂದು ಒಳಗೆ ಬಿತ್ತು. ಮಕ್ಕಳು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಆಕಾಶದಿಂದ ಕಲ್ಲು ಬಂದವು. ಮೊದಲನೆಯದು ಅಂಗಳದ ಬೇವಿನ ಕೊಂಬೆ ಮುರಿಯಿತು. ಕೊಡದಷ್ಟು ದೊಡ್ಡ ಇನ್ನೊಂದು ಕಲ್ಲು ಅಡುಗೆಕೋಣೆಯ ಸಿಮೆಂಟ್ ಶೀಟು ಒಡೆದು ಒಳಗೆ ಹೋಯಿತು. ಅಡುಗೆಯ ಅಕ್ಕ ಕೂಗಿದ್ದು ಮನುಷ್ಯರ ದನಿಯಂತಿರಲಿಲ್ಲ.

ನಾನು ಓಡಿದೆ. ಕಲ್ಲು ಅವಳ ಬಲ ಭುಜ ಜಜ್ಜಿ, ಕುದಿಯುವ ಸಾರಿನ ಪಾತ್ರೆಯ ಮೇಲೆ ಬಿದ್ದಿತ್ತು. ಸಾರೆಲ್ಲ ಅವಳ ಹೊಟ್ಟೆ ತೊಡೆಗಳ ಮೇಲೆ ಚೆಲ್ಲಿತ್ತು. ಸೀರೆ ಬಿಡಿಸಲು ಹೋದರೆ ಚರ್ಮವೂ ಜೊತೆಗೆ ಬಂತು. ನೀರು ಸುರಿದೆವು. ಹೆಡ್ ಮಾಸ್ತರು ದಾರಿಯಲ್ಲಿ ಹೋಗುತ್ತಿದ್ದ ಟಂಟಂ ಆಟೊ ಒಂದನ್ನು ನಿಲ್ಲಿಸಿ, ಅವಳನ್ನು ಚಾಪೆಯಲ್ಲಿ ಸುತ್ತಿ ಎತ್ತಿಹಾಕಿ ಕುಷ್ಟಗಿ ದವಾಖಾನೆಗೆ ಕರೆದೊಯ್ದರು. ಮಕ್ಕಳೊಂದಿಗೆ ನಾನೊಬ್ಬಳೇ ಉಳಿದೆ.

ಸುದ್ದಿ ಊರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಅಡುಗೆಯ ಅಕ್ಕನ ತಮ್ಮ ಹತ್ತಾರು ಜನರನ್ನು ಕಟ್ಟಿಕೊಂಡು, ಕೈಗೆ ಸಿಕ್ಕ ಬಡಿಗೆ, ಕೊಡಲಿ ಹಿಡಿದು ಕ್ವಾರಿಯತ್ತ ಹೊರಟ. ಅಷ್ಟರಲ್ಲಿ ಮೇಸ್ತ್ರಿ, ಮದ್ದು ಹಾರಿಸುವವನು, ಎಲ್ಲರೂ ಜೀಪು ಹತ್ತಿ ಪರಾರಿಯಾಗಿದ್ದರು. ಓಡಿಹೋಗದವನು ಒಬ್ಬನೇ. ಆ ಹುಡುಗಿಯ ಅಪ್ಪ. ಅವನು ಓಡಿದ್ದು ಶಾಲೆಯ ಕಡೆಗೆ. ಮೈತುಂಬ ಬಿಳಿ ಧೂಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ನನ್ನ ಮಗಳು ಎಲ್ಲಿ ಅದಾಳ್ರಿ ಟೀಚರ್ರೀ?"

"ಒಳಗ ಅದಾಳ, ಏನೂ ಆಗಿಲ್ಲ," ಎನ್ನುವಷ್ಟರಲ್ಲಿ ಅವನ ಬೆನ್ನು ಹತ್ತಿದ್ದ ಜನ ಗೇಟಿನೊಳಗೆ ನುಗ್ಗಿದರು.

"ಇಂವನೋ! ಇಂವನೇ ತೂತ ಕೊರ್ದಾಂವ!"

"ನಾ ಮದ್ದು ಹಾಕಂಗಿಲ್ರಿ ಯಣ್ಣಾ, ಬರೇ..."

ಮಾತು ಮುಗಿಯಲಿಲ್ಲ. ಬಡಿಗೆ ಬಾಯಿಗೇ ಬಿತ್ತು. ನಾನು ಕೋಣೆಯ ಬಾಗಿಲಿಗೆ ಓಡಿ ಚಿಲಕ ಹೊರಗಿನಿಂದ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಒಳಗಿನಿಂದ ಸಣ್ಣ ಕೈಗಳು ಬಾಗಿಲು ಬಡಿಯತೊಡಗಿದವು. ಒಂದೊಂದು ಏಟೂ ನನ್ನ ಬೆನ್ನುಹುರಿಯಲ್ಲಿ ಕೇಳಿಸಿತು. ಅಂಗಳದಲ್ಲಿ ಅವನನ್ನು ಕೆಡವಿ ಒದೆಯುತ್ತಿದ್ದರು. ಅವನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದ. ಯಾರೋ ಒಬ್ಬ, "ಕೊರಿಯೋ ಕೈ ಇದ ಅಲ್ಲೇನಲೇ?" ಎಂದು ಒಂದು ಕೈ ಎಳೆದು ಕಲ್ಲಿನ ಮೇಲಿಟ್ಟು ಬೂಟುಗಾಲಿನಿಂದ ತುಳಿದ. ಮತ್ತೆ ತುಳಿದ. ಎಲುಬು ಮುರಿದದ್ದು ನನಗೆ ಕೇಳಿಸಿತು.

ಆಮೇಲೆ ನಾನು ಬಾಗಿಲ ಬಳಿ ಇರಲಿಲ್ಲ. ಹೇಗೆ ನಡುವೆ ಹೋದೆನೋ ತಿಳಿಯದು. "ಸಾಯಸ್ತೀರೇನ್ರಿ! ಬಿಡ್ರಿ!" ಎಂದು ಅಡುಗೆಯ ಅಕ್ಕನ ತಮ್ಮನ ಅಂಗಿ ಹಿಡಿದು ಜಗ್ಗಿದೆ. ಅವನು ತಿರುಗಿ, ಯಾರೆಂದು ನೋಡದೆ, ಅಂಗೈ ಬಿಚ್ಚಿ ಬೀಸಿದ. ಅದು ನನ್ನ ಎಡಗಿವಿಗೆ ಬಿತ್ತು. ಒಳಗೆ ಏನೋ ಪಟ್ಟನೆ ಹರಿಯಿತು. ಸದ್ದೆಲ್ಲ ಒಮ್ಮೆಲೇ ಹೋಯಿತು. ಜನರ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ನಂತರ ತಲೆಯೊಳಗೆ ಸಣ್ಣಗೆ ಕೊಯ್ಯುವಂಥ ಸಿಳ್ಳೆ ಶುರುವಾಯಿತು. ಕುತ್ತಿಗೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಯಾರೋ ನನ್ನ ಕಡೆ ಕೈ ತೋರಿಸಿದರು. "ಟೀಚರ್ ಕಿವ್ಯಾಗ ರಗತ!" ಎಂದು ಕೂಗಿದರಂತೆ. ಆಗ ಜನ ಒಬ್ಬೊಬ್ಬರಾಗಿ ಬಡಿಗೆ ಬಿಸಾಕಿ ಜಾಗ ಖಾಲಿ ಮಾಡಿದರು.

ಕೊಪ್ಪಳದ ಕಿವಿಯ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, ತಮಟೆ ಹರಿದಿದೆ ಎಂದರು. ಅರ್ಧ ಕೂಡಿಕೊಂಡಿತು, ಅರ್ಧ ಇಲ್ಲ. ಎಡಗಡೆಯ ಮಾತು ಇವತ್ತಿಗೂ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಪೊಲೀಸರು ಬಂದು ಹೋದರು. ಕ್ವಾರಿ ಕೆಲಕಾಲ ನಿಂತಿತು. ಅಡುಗೆಯ ಅಕ್ಕ ಬದುಕಿ ಬಂದಳು, ಆದರೆ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ.

ಔಷಧೋಪಚಾರ ಮುಗಿಸಿ ನಾನು ಶಾಲೆಗೆ ಮರಳಿದ ಮೇಲೆ ಮಕ್ಕಳು ಪಿಸುಮಾತಿನಲ್ಲೇ ಓದು ಒಪ್ಪಿಸತೊಡಗಿದರು. ಜೋರಾಗಿ ಹೇಳಿ ಎಂದರೆ, "ನಿಮ್ಮ ಕಿವಿ ನೊಂದೀತ್ರಿ," ಎನ್ನುತ್ತಿದ್ದರು. ಆ ಹುಡುಗಿ ಬರುತ್ತಿರಲಿಲ್ಲ.

ಒಂದು ಸಂಜೆ ಅಡುಗೆಯ ಅಕ್ಕನ ತಮ್ಮ ಶಾಲೆಗೆ ಬಂದ. ನನ್ನ ಎಡಕ್ಕೆ ನಿಂತು ಏನೋ ಅಂದ. ನಾನು ಬಲಗಿವಿ ತಿರುಗಿಸಿದೆ. ಅವನು ಮತ್ತೊಮ್ಮೆ ಹೇಳಬೇಕಾಯಿತು.

"ತಪ್ಪಾತ್ರಿ ಟೀಚರ್ರೀ. ನಿಮ್ಮನ್ನ ಹೊಡ್ಯಾಕ ಬಂದಿರಲಿಲ್ಲ."

"ಅವನ್ನ ಹೊಡ್ಯಾಕ ಬಂದಿದ್ರಲ್ಲ. ಅವನ ಹತ್ರ ಹೋಗಿ ಈ ಮಾತು ಅಂದೀರೇನು?"

ಅವನು ನೆಲ ನೋಡಿದ. "ನಮ್ಮಕ್ಕನ ಕೈ ಹೋತಲ್ರಿ," ಎಂದ. ನನ್ನ ಬಾಯಲ್ಲಿ 'ಇರಲಿ ಬಿಡ್ರಿ' ಎಂಬ ಮಾತು ಬರಲಿಲ್ಲ. ಅವನು ಹೊರಟುಹೋದ.

ಮರುದಿನ ನಾನೇ ಶೆಡ್ಡಿಗೆ ಹೋದೆ. ಹುಡುಗಿಯ ತಾಯಿ ಪಾತ್ರೆ ಗಂಟು ಕಟ್ಟುತ್ತಿದ್ದಳು. ಅಪ್ಪ ಕೈಗೆ ಪಟ್ಟಿ ಸುತ್ತಿಕೊಂಡು ಗೋಡೆಗೆ ಒರಗಿದ್ದ. ನಕ್ಕಾಗ ಮುಂದಿನ ಹಲ್ಲುಗಳಿರಲಿಲ್ಲ.

"ಟಿಸಿ ಕೊಟ್ಟಬಿಡ್ರಿ ಟೀಚರ್ರೀ," ಎಂದಳು ತಾಯಿ. "ನಮ್ಮೂರಾಗ ಸಾಲಿಗೆ ಹಚ್ಚತೀವಿ. ಇಲ್ಲಿ ಸಾಕಾತು."

ಹುಡುಗಿ ಕದದ ಮರೆಯಲ್ಲಿದ್ದಳು. ಹತ್ತಿರ ಕರೆದೆ. ಬರಲಿಲ್ಲ. ಅಲ್ಲಿಂದಲೇ ಕೇಳಿದಳು:

"ನೀವು ಬಾಗಲಾ ಯಾಕ ಹಾಕಿದ್ರಿ?"

"ನೀ ನೋಡಬಾರದು ಅಂತ ಹಾಕಿದ್ನಿ ತಾಯಿ."

"ಕಿಡಕ್ಯಾಗಿಂದ ಎಲ್ಲಾ ನೋಡೀನಿ," ಎಂದಳು.

ಅವಳ ತಾಯಿ ನನಗೆ ಚಹಾ ಕೊಟ್ಟಳು. ಬೇಡ ಎನ್ನಲಾಗದೆ ಕುಡಿದೆ. ಆ ವಾರವೇ ಅವರು ಹುಲಿಹೈದರ ಕಡೆಗೆ ಹೋದರು. ಹುಡುಗಿ ಅಲ್ಲಿಯ ಶಾಲೆಗೆ ಸೇರಿದ್ದಾಳೆಂದೂ ಲೆಕ್ಕದಲ್ಲಿ ಭಾಳ ಚುರುಕೆಂದೂ ಅತ್ತ ಕೆಲಸ ಮಾಡುವ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು. ಅಪ್ಪ ಕುರಿ ಕಾಯುತ್ತಾನಂತೆ.

ಕ್ವಾರಿ ಮಳೆಗಾಲ ಮುಗಿದ ಮೇಲೆ ಗುಡ್ಡದ ಆಚೆ ಮಗ್ಗುಲಿನಿಂದ ಮತ್ತೆ ಶುರುವಾಯಿತು. ಕೊರೆಯುವ ಕೆಲಸಕ್ಕೆ ಈಗ ಈ ಶಾಲೆಯ ಊರಿನವರೇ ಇಬ್ಬರು ಹೋಗುತ್ತಾರೆ.