ಹಗೇವಿಗಿಳಿದ ಕಂದೀಲು

ಕಂದೀಲು ನಮ್ಮ ಮಾತಲ್ಲ. ಲಿಂಗಸುಗೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಒಂದು ದಪ್ಪ ನಿಘಂಟಿನಲ್ಲಿ ಅದರ ಬೇರು ಹುಡುಕಿದೆ. ಮೂಲ ಲ್ಯಾಟಿನ್ನಿನ ಕಾಂದೇಲ. ಬೆಳ್ಳಗೆ ಹೊಳೆಯುವುದು ಎಂಬ ಧಾತುವಿನಿಂದ ಹುಟ್ಟಿದ್ದು. ಅವರಿಗದು ಮೇಣದ ಬತ್ತಿ. ಗ್ರೀಕರ ಕೈದಾಟಿ ಅರಬರಲ್ಲಿ ಮಸೀದಿಯ ತೂಗುದೀಪವಾಯಿತು. ನಿಜಾಮ ಸರ್ಕಾರದ ಉರ್ದುವಿನ ಜೊತೆ ನಮ್ಮ ಮಸ್ಕಿಗೆ ಬರುವಷ್ಟರಲ್ಲಿ ಮೇಣವೂ ಇಲ್ಲ, ಮಸೀದಿಯೂ ಇಲ್ಲ. ಗಾಜಿನ ಬುರುಡೆಯೊಳಗೆ ಉರಿಯುವ ಸೀಮೆಎಣ್ಣೆ ದೀಪ. ದನದ ಕೊಟ್ಟಿಗೆಗೂ ಅದೇ, ಬಾಣಂತಿ ಕೋಣೆಗೂ ಅದೇ. ಇದನ್ನೆಲ್ಲ ಮಕ್ಕಳಿಗೆ ಎಷ್ಟು ಸಲ ಹೇಳಿ ಭೇಷ್ ಅನ್ನಿಸಿಕೊಂಡೆನೋ! ಹೇಳಬೇಕಾದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಕಂದೀಲಿಗೆ ಇನ್ನೊಂದು ಕೆಲಸವಿತ್ತು. ಅಂಗಳದಲ್ಲಿ ಹಗೇವು, ಅಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಕುಣಿ. ತಿಂಗಳುಗಟ್ಟಲೆ ಮುಚ್ಚಿದ್ದರ ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಅರ್ಧ ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೋ, ಮನುಷ್ಯ ಇಳಿಯುವಂತಿರಲಿಲ್ಲ.

ಯುದ್ಧದ ಕಾಲ. ಸರ್ಕಾರ ರೈತರ ಜೋಳಕ್ಕೆ ಲೆವಿ ಹಾಕಿತ್ತು, ಬೆಳೆದದ್ದರಲ್ಲಿ ಇಂತಿಷ್ಟು ಕೊಡಲೇಬೇಕು. ಒಂದು ಮಧ್ಯಾಹ್ನ ವಸೂಲಿಗೆ ಬಂದ ಕಂದಾಯದ ಅಧಿಕಾರಿ, ಗಿರ್ದಾವರ ಸಾಹೇಬ, ಹಗೇವನ್ನು ಈಗಲೇ ತೆಗೆಯಿರಿ ಎಂದು ಕೂತ. ಅವ್ವ ಹೊಲಕ್ಕೆ ಹೋಗಿದ್ದಳು. ಅಪ್ಪ ಕೈಮುಗಿದ.

"ನಾಳಿ ಮುಂಜಾನಿ ಒಯ್ರಿ ಸಾಹೇಬ್ರ. ಒಳಗ ಗಾಳಿ ಆಡಬೇಕ್ರಿ."

"ನಾಳಿಗೆ ಜೋಳಕ್ಕ ಕಾಲು ಬರ್ತಾವ. ನನಗ ಗೊತ್ತಿಲ್ಲೇನು?"

ಅಣ್ಣನ ಕೈಲಿ ಬಾಯಿ ತೆಗೆಸಿದ. ಗಾಜು ಒರೆಸುವುದು, ಎಣ್ಣೆ ಹಾಕುವುದು, ದೀಪದ ಕೆಲಸವೆಲ್ಲ ಹನ್ನೊಂದು ವರ್ಷದ ನನ್ನದು. ಕಂದೀಲು ಹಚ್ಚಿ ಇಳಿಬಿಟ್ಟೆ. ಎರಡು ಮೊಳ ಇಳಿದದ್ದೇ ತಡ, ಪಕ್ಕನೆ ಆರಿತು. ಮೇಲೆಳೆದುಕೊಂಡೆ.

ಗಿರ್ದಾವರ ತನ್ನ ಬೆತ್ತವನ್ನು ಅಪ್ಪನ ಎದೆಗೆ ಊರಿದ. "ಎಣ್ಣಿ ಇಲ್ಲದ ಕಂದೀಲು ಬಿಟ್ಟು ನಮ್ಮನ್ನ ಹುಚ್ಚರ್ನ ಮಾಡ್ತೀರೇನು? ಏ ಹುಡುಗಿ, ಇವತ್ತ ಎಣ್ಣಿ ಹಾಕೀ ಏನು?"

ಅಂದು ನಾನು ಆಟದ ಗುಂಗಿನಲ್ಲಿ ಎಣ್ಣೆ ಹಾಕಿರಲಿಲ್ಲ, ಅದು ನಿಜ. ಆದರೆ ಕೈಯಲ್ಲಿದ್ದ ಕಂದೀಲು ಭಾರವಾಗಿತ್ತು. ಒಳಗೆ ಎಣ್ಣೆ ಕುಲುಕುತ್ತಿದ್ದದ್ದು ನನಗೆ ಗೊತ್ತಾಗಿತ್ತು. ಬೆತ್ತ ನೋಡಿ, ಸಾಹೇಬನಿಗೆ ಬೇಕಾದದ್ದೇ ಬಾಯಿಗೆ ಬಂತು.

"ಇಲ್ರಿ. ಎಣ್ಣಿ ಇಲ್ರಿ," ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ!

ಅಣ್ಣ ಧೋತರ ಎತ್ತಿ ಕಟ್ಟಿದ. ಅವನಿಗೆ ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. "ಎಣ್ಣಿ ಇಲ್ದಽ ಆರೇತಿ, ಅಷ್ಟಽ. ನಾ ಇಳೀತೀನಪ್ಪಾ, ನೀ ಯಾಕ ಬೈಸ್ಕೊಂತಿ?"

"ಬ್ಯಾಡಲೇ!" ಎಂದು ಅಪ್ಪ ಕೂಗುವಷ್ಟರಲ್ಲಿ ಇಳಿದೇಬಿಟ್ಟ. ಜೋಳದ ಮೇಲೆ ಕೂತವನು ದಣಿದವನಂತೆ ಪಕ್ಕಕ್ಕೆ ಒರಗಿದ. ಎಷ್ಟು ಕರೆದರೂ ಓಗೊಡಲಿಲ್ಲ. ಕೊಕ್ಕೆ ಹಾಕಿ ಎಳೆದು ಮೇಲೆ ತರುವಷ್ಟರಲ್ಲಿ ಜೀವವಿರಲಿಲ್ಲ. ಆಗಲೂ ಕಂದೀಲು ನನ್ನ ಕೈಯಲ್ಲೇ ಇತ್ತು. ಮೂರನೆಯ ದಿನ ಸರ್ಕಾರದವರು ಬಂದು ಜೋಳ ಅಳೆದುಕೊಂಡು ಹೋದರು. ಅತ್ತಿಗೆಯನ್ನು ಅವಳ ತವರಿನವರು ಕರೆದೊಯ್ದರು. ಎಣ್ಣೆ ಇರಲಿಲ್ಲವಂತೆ, ಗ್ರಹಚಾರ ಎಂದು ಊರು ಅಂದಿತು. ಪಾಪಿ ಚಿರಾಯು ಅನ್ನುತ್ತಾರಲ್ಲ, ನಾನು ಓದಿದೆ, ನೌಕರಿ ಹಿಡಿದೆ, ಮುದುಕಿಯೂ ಆಗುತ್ತಿದ್ದೇನೆ. ಒಂದು ದಿನವೂ ನೆಮ್ಮದಿಯಿಂದ ಉಂಡಿಲ್ಲ.

ಅವ್ವ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಒಂದು ಸಂಜೆ ಓಣಿಯ ಹುಡುಗರಿಗೆ ಅದೇ ಲ್ಯಾಟಿನ್ ಪುರಾಣ ಹೇಳಿ ಕಳಿಸಿದೆ. ಅವ್ವ ಕರೆದಳು.

"ಆ ಮಾತು ಎಲ್ಲಿಂದರ ಬರ್ಲಿ ಬಿಡವ್ವಾ. ಅವತ್ತ ಅದರಾಗ ಎಣ್ಣಿ ಇತ್ತೋ ಇಲ್ಲೋ?"

ಮತ್ತೆ ಅದನ್ನೇ ಅಂದೆ. "ಇದ್ದಿಲ್ಲವ್ವಾ."

ಅವಳು ಗೋಡೆಯ ಕಡೆ ಹೊರಳಿದಳು.

"ಹೊಲಕ್ಕ ಹೋಗೂಮುಂದ ನಾನಽ ತುಂಬಿಸಿಟ್ಟಿದ್ನೆಲ್ಲಬೇ."