ತಂಗಿಯ ಕಿಡ್ನಿ ಆಗುವುದಿಲ್ಲ ಎಂದರು

ಕಿಡ್ನಿಗಳು ಕೈಕೊಟ್ಟಾಗ, ಡಯಾಲಿಸಿಸ್ ಮನೆಯಲ್ಲೇ ಆಗಲಿ ಎಂದು ಹಟ ಹಿಡಿದವಳು ನಾನು. ಎನ್.ಆರ್. ಕಾಲೋನಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆಸ್ಪತ್ರೆಗೆ ಅಲೆಯುತ್ತಾ ಕೂತರೆ ಕೆಲಸ ಬಿಡಬೇಕಾಗುತ್ತಿತ್ತು. ಹೊಟ್ಟೆಗೆ ಸಣ್ಣದೊಂದು ನಳಿಕೆ ಕೂರಿಸಿದರು. ಬಸವನಗುಡಿಯ ನಮ್ಮ ಫ್ಲಾಟಿನ ಚಿಕ್ಕ ಕೋಣೆಯಲ್ಲಿ ಗೋಡೆಗೆ ಕೊಕ್ಕೆ ಹೊಡೆಸಿದೆವು. ಅದಕ್ಕೆ ತೂಗುಹಾಕಿದ ಚೀಲದಿಂದ ಔಷಧದ ನೀರು ಹೊಟ್ಟೆಗಿಳಿದು, ಕೆಲವು ಗಂಟೆ ಅಲ್ಲೇ ಇದ್ದು, ರಕ್ತದ ಕಶ್ಮಲವನ್ನು ಎಳೆದುಕೊಂಡು ನೆಲದ ಮೇಲಿನ ಇನ್ನೊಂದು ಚೀಲಕ್ಕೆ ಹರಿದುಹೋಗುತ್ತದೆ. ಮತ್ತೆ ಹೊಸ ಚೀಲ.

ಬೆಳಗಿನದನ್ನೂ ಸಂಜೆಯದನ್ನೂ ನನ್ನ ಗಂಡ ಮಾಡುತ್ತಿದ್ದರು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬರುತ್ತಿದ್ದರು. ಕೈ ಸ್ವಲ್ಪ ತಪ್ಪಿದರೂ ಹೊಟ್ಟೆಯೊಳಗೆ ಸೋಂಕು. ಅವರು ಕೆಲಸ ಮಾಡುವಾಗ ನಾನು ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಅಷ್ಟು ನಂಬಿಕೆ.

ಚಾಮರಾಜಪೇಟೆಯಲ್ಲಿರುವ ನನ್ನ ತಂಗಿ ಯಾರೂ ಕೇಳದೆ ತಾನಾಗಿ ಮುಂದೆ ಬಂದಳು. "ನಂದು ತಗೋ ಅಕ್ಕ. ಒಂದ್ರಲ್ಲೇ ಬದುಕ್ಬೋದಂತೆ," ಎಂದಳು. ಪರೀಕ್ಷೆಗಳಾದವು. ಒಂದು ಸಂಜೆ ಗಂಡ ಆಸ್ಪತ್ರೆಯಿಂದ ಬಂದು, "ಅವಳದು ಆಗಲ್ವಂತೆ ಕಣೇ," ಎಂದು ಚಪ್ಪಲಿ ಬಿಡುತ್ತಲೇ ಹೇಳಿದರು. ಮಾರನೆಯ ದಿನ ತಂಗಿ ಬಂದು ನನ್ನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಅಳ್ಬೇಡ್ವೇ, ಇದು ನಿನ್ ತಪ್ಪಾ?" ಎಂದು ತಲೆ ಸವರಿದೆ. ನೀರು ತುಂಬಿದ ಹೊಟ್ಟೆ ಅವಳ ಭಾರಕ್ಕೆ ನೋಯುತ್ತಿತ್ತು. ಆದರೂ ಪಕ್ಕಕ್ಕೆ ಸರಿ ಎನ್ನಲಿಲ್ಲ.

ಮುಂದಿನ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕೊಳ್ಳುತ್ತಿದ್ದಾಗ ತಂಗಿಯ ಅತ್ತೆ ಸಿಕ್ಕರು. ನನ್ನ ಕೈ ಹಿಡಿದುಕೊಂಡು, "ನಮ್ಮೇಲೆ ಬೇಜಾರಿಲ್ಲ ತಾನೇಮ್ಮ? ಮ್ಯಾಚೇನೋ ಆಗಿತ್ತು. ಆದ್ರೆ ಅವ್ಳು ಹೆದರ್ಕೊಂಡ್ಬಿಟ್ಳು. ನಿಮ್ಮನೆಯವ್ರು ದೊಡ್ಡ ಮನಸ್ಸಿನೋರು. ನನ್ ಹೆಂಡ್ತಿಗೆ ನಾನ್ ಹೇಳ್ಕೋತೀನಿ, ನೀವು ಯೋಚ್ನೆ ಮಾಡ್ಬೇಡಿ ಅಂದ್ರು," ಎಂದರು. ನನಗೆಲ್ಲ ಗೊತ್ತಿದೆಯೆಂದೇ ಅವರು ತಿಳಿದಿದ್ದರು.

"ಬೇಜಾರೇನಿಲ್ಲ," ಎಂದೆ. ಹೂವು ತೆಗೆದುಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಗಂಡ ಚೀಲ ಬೆಚ್ಚಗೆ ಮಾಡಿಟ್ಟು ಕಾಯುತ್ತಿದ್ದರು. ಕೇಳಿದೆ. ಅವರು ಸುಳ್ಳು ಮುಂದುವರಿಸಲಿಲ್ಲ.

"ಅಕ್ಕಂಗೆ ಹೇಳ್ಬೇಡಿ ಭಾವ ಅಂತ ಕಾಲಿಗ್ ಬಿದ್ಳು. ನಿಂಗೂ ನೋವಾಗ್ಬಾರ್ದು ಅಂತ..."

"ಅವ್ಳು ಅಳ್ತಿದ್ದಾಗ ನೀವು ಇಲ್ಲೇ ಬಾಗ್ಲಲ್ಲಿ ನಿಂತಿದ್ರಿ. ನಾನು ಸಮಾಧಾನ ಮಾಡ್ತಿದ್ದಿದ್ದನ್ನ ನೋಡ್ತಿದ್ರಿ."

ಅವರು ತಲೆ ತಗ್ಗಿಸಿದರು. ಚೀಲಕ್ಕೆ ಕೈ ಹಾಕಲು ಬಂದಾಗ, "ಬಿಡಿ, ನಾನೇ ಮಾಡ್ಕೋತೀನಿ," ಎಂದೆ. ಮುಚ್ಚಳ ತೆಗೆಯುವ ಮೊದಲು ಎರಡು ಸಲ ಕೈ ತೊಳೆದುಕೊಂಡೆ.

ಹಬ್ಬದ ದಿನ ತಂಗಿ ಕುಂಕುಮಕ್ಕೆ ಬಂದಳು. ಅತ್ತೆ ಹೇಳಿಬಿಟ್ಟಿದ್ದು ಅವಳಿಗೂ ಗೊತ್ತಾಗಿತ್ತು. ಮುಖ ಬಾಡಿತ್ತು.

"ಭಯ ಆಗ್ತಿದೆ ಅಂದಿದ್ರೆ ನಾನೇ ಬೇಡ ಅಂತಿದ್ದೆ ಕಣೇ," ಎಂದೆ. "ನನ್ ಮಡ್ಲಲ್ಲಿ ಅಳೋಕೆ ಯಾಕ್ ಬಂದೆ?"

"ನಿನ್ ಬಿಟ್ರೆ ಯಾರ್ ಹತ್ರ ಅಳ್ಲಿ ಅಕ್ಕ?" ಎಂದಳು.

ಆ ಮಾತಿಗೆ ನನ್ನ ಕೋಪ ಇನ್ನೂ ಹೆಚ್ಚಾಯಿತು. ಕುಂಕುಮ ಕೊಟ್ಟು, ತಾಂಬೂಲ ಕೊಟ್ಟು ಕಳಿಸಿದೆ. ಊಟಕ್ಕೆ ಕೂತ್ಕೋ ಎನ್ನಲಿಲ್ಲ. ಕಿಡ್ನಿ ಕೊಡದಿದ್ದದ್ದಕ್ಕೆ ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ದೇಹ ಅವಳದು. ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಗುಟ್ಟನ್ನು ನನ್ನವರಿಬ್ಬರೂ ಹಂಚಿಕೊಂಡು, ನನ್ನ ಎದುರೇ ಕೂತು ಕಾಫಿ ಕುಡಿಯುತ್ತಿದ್ದರಲ್ಲ, ಅದು ಜೀರ್ಣವಾಗುತ್ತಿಲ್ಲ.

ಈಗ ಎಲ್ಲವನ್ನೂ ಒಬ್ಬಳೇ ಮಾಡಿಕೊಳ್ಳುತ್ತೇನೆ. ಕೋಣೆಯ ಬಾಗಿಲು ಹಾಕಿರುತ್ತದೆ. ಆಚೆ ನಿಂತು ಗಂಡ, "ಏನಾದ್ರೂ ಬೇಕಾ?" ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಬೇಕಾಗಿದ್ದಾಗಲೂ ಕೆಲವು ಸಲ ಬೇಡ ಎಂದಿದ್ದೇನೆ.