ಶರಭವೋ ಗಂಡಭೇರುಂಡವೋ

ಭದ್ರಾವತಿಯ ಸುವರ್ಣಮ್ಮನಿಗೆ ಮನುಷ್ಯರು ಮೊದಲು ಕಿವಿಗೆ ಪರಿಚಯವಾಗಬೇಕು, ಕಣ್ಣಿಗೆ ಆಮೇಲೆ. ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದವಳು ಅವಳು. ಯಾರದೋ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ, ಇನ್ಯಾರೋ ಇನ್ಯಾರನ್ನೋ "ಯಾವಾಗ ಬರ್ತೀಯ?" ಎಂದು ಕೇಳುವ ಮಾತು, ಎಲ್ಲಕ್ಕೂ ಲೈನ್ ಜೋಡಿಸಿ ಕೊಟ್ಟವಳು. ಅವಳನ್ನು ಹಾಗೆ ಕೇಳುವವರು ಮಾತ್ರ ಯಾರೂ ಬರಲಿಲ್ಲ. ಅಪ್ಪ ಹೊನ್ನಯ್ಯ ಬೇಗ ತೀರಿಕೊಂಡಿದ್ದ. ತಂಗಿಯ ಓದು, ಮದುವೆ, ಬಾಣಂತನ ಎಲ್ಲ ಮುಗಿಸಿ ತಲೆ ಎತ್ತುವಷ್ಟರಲ್ಲಿ ಹೆಣ್ಣು ನೋಡಲು ಬರುವವರು ನಿಂತುಹೋಗಿದ್ದರು. ಅದಕ್ಕಾಗಿ ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. ಕೆಲಸ ಇತ್ತು, ದಿನವಿಡೀ ಕಿವಿತುಂಬ ಜನ ಇದ್ದರು.

ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಊರಿನ ಜನ್ನಾಪುರ ಬಡಾವಣೆಯ ಮನೆ ಗವ್ ಎನ್ನತೊಡಗಿತು. ನವುಲೆಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ತಂಗಿಯ ಮಗಳು ಸಿರಿ ಒಂದು ರಜೆಯಲ್ಲಿ ಬಂದವಳು ತನ್ನ ಹಳೆಯ ಕಂಪ್ಯೂಟರನ್ನು ದೊಡ್ಡಮ್ಮನಿಗೇ ಬಿಟ್ಟುಹೋದಳು. ಅದರಲ್ಲಿ ಒಂದು ಆಟವಿತ್ತು. ಕಾಡು, ಗವಿ, ಹಾಳು ಕೋಟೆ, ಬೆಂಕಿ ಉಗುಳುವ ಹಾವು. ಎಲ್ಲೆಲ್ಲೋ ಕೂತವರು ಒಂದು ತಂಡ ಕಟ್ಟಿಕೊಂಡು, ಹೆಡ್‌ಫೋನಿನಲ್ಲಿ ಮಾತಾಡಿಕೊಂಡು ಅಲ್ಲಿ ಅಲೆಯಬೇಕು. ಹೆಡ್‌ಫೋನ್ ತಲೆಗೇರಿಸಿದ ದಿನ ಸುವರ್ಣಮ್ಮನಿಗೆ ಮತ್ತೆ ಡ್ಯೂಟಿಗೆ ಹೋದ ಹಾಗಾಯಿತು.

ಅವಳು ಸೇರಿದ್ದು ಕನ್ನಡದವರದೇ ತಂಡ. ಶಿವಮೊಗ್ಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಶ್ರೇಯಸ್ ಅದರ ಮುಖಂಡ. ಯಾರು ಯಾವ ಗುಡ್ಡದ ಹಿಂದೆ ಸಿಕ್ಕಿಬಿದ್ದಿದ್ದಾರೆ, ಯಾರಿಗೆ ಸಹಾಯ ಬೇಕು ಎಂದು ಸುವರ್ಣಮ್ಮ ಗಲಿಬಿಲಿಯಿಲ್ಲದೆ ಹೇಳುತ್ತಿದ್ದುದನ್ನು ನೋಡಿ ಎಲ್ಲರೂ ಅವಳನ್ನು ಆಪರೇಟರ್ ಅಕ್ಕ ಎಂದೇ ಕರೆಯತೊಡಗಿದರು.

ಆ ತಂಡಕ್ಕೆ ವೆಂಕಟಾಚಲ ಮೇಷ್ಟ್ರು ಬಂದಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಹೊಳಲೂರಿನವರು, ಶಿವಮೊಗ್ಗದ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡಿ, ನಿವೃತ್ತರಾಗಿ ಅಲ್ಲೇ ನೆಲೆಸಿದವರು. ಲಕ್ವ ಹೊಡೆದು ಬಲಗೈ ಸೋತಿತ್ತು. ಬೆರಳು ಆಡಿಸುತ್ತಿರಬೇಕು, ಏನಾದರೂ ಆಟ ಆಡಿ ಎಂದು ವ್ಯಾಯಾಮ ಮಾಡಿಸುವವರು ಹೇಳಿದ್ದರಂತೆ. ಮಾತೂ ನಿಧಾನ. ಒಂದೊಂದು ಶಬ್ದವನ್ನೂ ಎತ್ತಿ, ಧೂಳು ಕೊಡವಿ, ಮುಂದೆ ಇಟ್ಟ ಹಾಗೆ. ಹುಡುಗರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವರು ಮಾತು ಮುಗಿಸುವವರೆಗೆ ಕಾಯುತ್ತಿದ್ದವಳು ಸುವರ್ಣಮ್ಮ ಒಬ್ಬಳೇ.

ಹೀಗಿರುವಾಗ ಆಟದ ಕಂಪನಿಯವರು ಆಟಗಾರರನ್ನೆಲ್ಲ ಒಂದು ಪ್ರಶ್ನೆ ಕೇಳಿದರು. ನಿಮ್ಮ ಕಡೆಯ ಪುರಾಣದ, ಕತೆಯ ಯಾವ ಪ್ರಾಣಿ ಈ ಆಟಕ್ಕೆ ಬರಬೇಕು? ಹೇಳಿ, ಹೆಚ್ಚು ಓಟು ಬಂದದ್ದನ್ನು ಸೇರಿಸುತ್ತೇವೆ.

ಶ್ರೇಯಸ್ ಕೊಳ್ಳಿದೆವ್ವ ಬೇಕು ಎಂದ. ಸುವರ್ಣಮ್ಮ ಹಿಂದೆಮುಂದೆ ನೋಡದೆ, "ಗಂಡಭೇರುಂಡ" ಅಂದಳು.

"ಅಕ್ಕಾ, ಅದು ಸರ್ಕಾರಿ ಬಸ್ ಮೇಲೆ ಇರುತ್ತಲ್ಲಾ!" ಎಂದು ಶ್ರೇಯಸ್ ನಕ್ಕ.

"ಬಸ್ಸಿಗಿಂತ ಮುಂಚೆ ಬಳ್ಳಿಗಾವಿಯ ಕಂಬದ ಮೇಲಿತ್ತು ಕಣೋ. ಸ್ಕೂಲಿನಿಂದ ಟ್ರಿಪ್ಪಿಗೆ ಕರ್ಕೊಂಡು ಹೋಗಿದ್ರು. ಮನುಷ್ಯನ ಮೈ, ಎರಡು ಹಕ್ಕಿ ತಲೆ. ನೋಡಿ ಹೆದರಿ, ರಾತ್ರಿ ಜ್ವರ ಬಂದಿತ್ತು ನಂಗೆ."

ಆಗ ಹೆಡ್‌ಫೋನಿನಲ್ಲಿ ಮೇಷ್ಟ್ರ ಧ್ವನಿ ಮೆಲ್ಲಗೆ ಎದ್ದಿತು. "ಶರಭ... ಇರುವಾಗ... ಗಂಡಭೇರುಂಡ ಯಾಕೆ? ಎಂಟು ಕಾಲು. ಸಿಂಹದ ಮೈ, ಹಕ್ಕಿಯ ರೆಕ್ಕೆ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳೀಲಿಲ್ಲ. ಅದನ್ನ ಇಳಿಸಿದ್ದು ಶರಭ."

"ಆ ಶರಭನ್ನ ಎದುರಿಸೋಕೆ ನರಸಿಂಹ ಆಗಿದ್ದೇ ಗಂಡಭೇರುಂಡ. ಅಲ್ಲಿಗೆ ಗೆದ್ದೋರು ಯಾರು ಮೇಷ್ಟ್ರೇ?"

"ಅದು ಯಾರು ಹೇಳಿದ್ದು ನಿಮಗೆ?"

"ನಮ್ಮಜ್ಜಿ."

"ನಿಮ್ಮಜ್ಜಿ ಯಾವ ಪುರಾಣ ಓದಿದ್ರು?"

"ಓದಿರ್ಲಿಲ್ಲ. ಕಣ್ಣಾರೆ ನೋಡಿದೋರ ಹಾಗೆ ಹೇಳೋರು."

ಮೇಷ್ಟ್ರು ನಕ್ಕರು. ಲಕ್ವದ ನಗು, ಒಂದು ಕಡೆಗೆ ಜಾರುವಂಥದ್ದು. ಸುವರ್ಣಮ್ಮನಿಗೆ ಅದು ಕೇಳಿಸಿದ ರೀತಿಯೇ ಬೇರೆ.

ಅಲ್ಲಿಂದ ಶುರುವಾದ ಜಗಳ ದಿನಾ ಸಂಜೆ ನಡೆಯಿತು. ಉಳಿದವರು ನಿಧಿ ಹುಡುಕುತ್ತಿದ್ದರೆ ಇವರಿಬ್ಬರೂ ಆಟದೊಳಗಿನ ಒಂದು ಬಂಡೆಯ ಮೇಲೆ ನಿಂತು ವಾದಿಸುವರು. ಶರಭ ಹಾರುವಾಗ ಎಂಟೂ ಕಾಲನ್ನು ಮಡಚುತ್ತದೋ, ಇಳಿಬಿಡುತ್ತದೋ? ಗಂಡಭೇರುಂಡದ ಒಂದು ತಲೆಗೆ ನಿದ್ದೆ ಬಂದರೆ ಇನ್ನೊಂದು ಏನು ಮಾಡಬೇಕು? ಅವಳ ತಲೆಹರಟೆಗೆ ಬೇಸತ್ತು ಒಂದು ದಿನ ಮೇಷ್ಟ್ರು, "ಅಯ್ಯೋ, ನಿನ್ನ ಹತ್ರ ಆಗಲ್ಲ ಮಾರಾಯ್ತಿ!" ಅಂದುಬಿಟ್ಟರು. ಹಿಂದೆಯೇ, "ಕ್ಷಮಿಸಿ ಸುವರ್ಣಮ್ಮನವರೇ, ಬಾಯಿ ತಪ್ಪಿ ಏಕವಚನ ಬಂತು" ಎಂದರು. ಇವಳು, "ಇರಲಿ ಬಿಡಿ" ಎಂದಳು. ಆ ರಾತ್ರಿ ಉಂಡ ತಟ್ಟೆ ತೊಳೆಯುವಾಗ, ಮರುದಿನ ಬಟ್ಟೆ ಒಣಹಾಕುವಾಗ, ಮಾರಾಯ್ತಿ ಎಂಬ ಆ ಒಂದು ಮಾತು ಕಿವಿಯಲ್ಲೇ ಉಳಿದಿತ್ತು.

ಸಂಜೆಯಾಗುವುದನ್ನು ಕಾಯುವುದು ಅವಳಿಗೆ ಅಭ್ಯಾಸವಾಯಿತು. ಶಿವಮೊಗ್ಗ ಎಷ್ಟು ದೂರ? ಬಸ್ಸು ಹತ್ತಿ ಕೂತು ಕಣ್ಣು ಮುಚ್ಚಿದರೆ ಇಳಿಯುವ ಹೊತ್ತು. ಆದರೂ ಎಂದೂ ಹೋಗಲಿಲ್ಲ. ಅವರ ಧ್ವನಿಯ ಹಿಂದೆ ಆಗಾಗ ಕುಕ್ಕರ್ ಕೂಗುತ್ತಿತ್ತು. ಬಳೆಯ ಸದ್ದೂ ಕೇಳಿದ ಹಾಗಿತ್ತು. ಅಕ್ಕನೋ, ಸೊಸೆಯೋ ಇರಬೇಕು ಎಂದುಕೊಂಡಳು. ಕೇಳಬಹುದಿತ್ತು. ಕೇಳಲಿಲ್ಲ.

ಓಟಿನ ಫಲಿತಾಂಶ ಬಂತು. ಗೆದ್ದದ್ದು ಯಾವುದೋ ಹಿಮದ ದೇಶದ, ಕೊಂಬಿನ ಕರಡಿ. ಶರಭಕ್ಕೂ ಗಂಡಭೇರುಂಡಕ್ಕೂ ಠೇವಣಿಯೂ ಉಳಿಯಲಿಲ್ಲ. ಇನ್ನು ಜಗಳಕ್ಕೆ ವಿಷಯವೇ ಇಲ್ಲವಲ್ಲ ಎಂದು ಸುವರ್ಣಮ್ಮ ಸಪ್ಪಗಾದಳು. ಆಗ ಮೇಷ್ಟ್ರೇ ಹೇಳಿದರು:

"ಕಂಪನಿ ತೀರ್ಪು ನಂಗೆ ಬೇಡ. ನಿಮ್ಮೂರಲ್ಲಿ ಲಕ್ಷ್ಮೀನರಸಿಂಹನ ದೇವಸ್ಥಾನ ಇದೆಯಲ್ಲ, ಜಗಳಕ್ಕೆ ಮೂಲ ಆದೋನು ಅಲ್ಲೇ ಇದ್ದಾನೆ. ಭಾನುವಾರ ಬರ್ತೀನಿ. ಅವನ ಎದುರೇ ಇತ್ಯರ್ಥ ಮಾಡ್ಕೊಳ್ಳೋಣ."

ಭಾನುವಾರ ಸುವರ್ಣಮ್ಮ ಕಬ್ಬಿಣದ ಬೀರುವಿನ ಮುಂದೆ ಬಹಳ ಹೊತ್ತು ನಿಂತಳು. ತಂಗಿಯ ಮದುವೆಗೆಂದು ಕೊಂಡ ನೇರಳೆ ಸೀರೆ ಉಟ್ಟಳು. ಅತಿಯಾಯಿತೇನೋ ಎನ್ನಿಸಿ ಬಿಚ್ಚಿದಳು. ಮತ್ತೆ ಅದನ್ನೇ ಉಟ್ಟಳು. ಹಳೇನಗರದ ದೇವಸ್ಥಾನ ತಲುಪಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಜಗಲಿಯ ಅಂಚಿನಲ್ಲಿ ಕೂತು ಬರುವ ಪ್ರತಿ ಆಟೋವನ್ನೂ ನೋಡಿದಳು.

ಕೊನೆಗೊಂದು ಆಟೋದಿಂದ ಮೊದಲು ಊರುಗೋಲು ಇಳಿಯಿತು. ಹಿಂದೆ ಎತ್ತರದ, ಬೆಳ್ಳಗಿನ, ಸ್ವಲ್ಪ ವಾಲಿದ ಮನುಷ್ಯ. ಅವರ ತೋಳು ಹಿಡಿದು ಇಳಿದಾಕೆಯ ಕೊರಳಲ್ಲಿ ಕರಿಮಣಿ, ಕೈತುಂಬ ಹಸಿರು ಬಳೆ.

"ಹುಷಾರು ಮಾರಾಯ್ತಿ, ಮೆಟ್ಟಿಲಿದೆ" ಎಂದರು ಮೇಷ್ಟ್ರು, ತೋಳು ಹಿಡಿದಾಕೆಗೆ.

ಸುವರ್ಣಮ್ಮ ಎದ್ದು ನಿಂತಳು. ಕೈ ಮುಗಿದಳು. ನಗಲೂ ಸಾಧ್ಯವಾಯಿತು.

"ನೀವೇ ಅಲ್ವಾ ಸುವರ್ಣಮ್ಮ? ನಾನು ಸೀತಾ, ಇವರ ಹೆಂಡತಿ" ಎಂದು ಆಕೆ ಎರಡೂ ಕೈ ಹಿಡಿದುಕೊಂಡರು. "ಮನೇಲಿ ದಿನವಿಡೀ ನಿಮ್ಮದೇ ಸುದ್ದಿ. ಎಷ್ಟು ಚೆನ್ನಾಗಿದೆ ಸೀರೆ!"

ಒಳಗೆ ಮಂಗಳಾರತಿಯಾಯಿತು. ಹೊರಗೆ ಬಂದು ಕೂತ ಮೇಲೆ ಮೇಷ್ಟ್ರು ಮಗುವಿನ ಉತ್ಸಾಹದಿಂದ, "ಹೂಂ, ಈಗ ಶುರುಮಾಡಿ ನಿಮ್ಮ ವಾದ" ಎಂದರು.

"ನೀವೇ ಗೆದ್ರಿ ಮೇಷ್ಟ್ರೇ."

"ಅದೇನು? ಇಷ್ಟು ಬೇಗ ಸೋತುಬಿಟ್ರೆ ಹೇಗೆ?" ಮೇಷ್ಟ್ರ ಮುಖ ಬಾಡಿತು. ಸೀತಮ್ಮ ಸುವರ್ಣಮ್ಮನ ಮುಖವನ್ನೇ ನೋಡುತ್ತಿದ್ದರು. ಮಾತು ಬದಲಿಸಲು ತಾವೇ ಕಟ್ಟಿತಂದ ಕೋಸಂಬರಿಯ ಡಬ್ಬಿ ಬಿಚ್ಚಿದರು.

ಅದಾದ ಮೇಲೆ ಸುವರ್ಣಮ್ಮ ಹೆಡ್‌ಫೋನ್ ಮುಟ್ಟಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ಮೋಸ ಮಾಡಿರಲಿಲ್ಲ. ದೂರುವುದಾದರೂ ಯಾರನ್ನು? ಸಂಜೆ ಹೊತ್ತು ಭದ್ರಾ ಸೇತುವೆಯವರೆಗೆ ನಡೆದುಹೋಗಿ ಬರುತ್ತಿದ್ದಳು. ನೀರು ನೋಡುತ್ತಾ, ಈಗ ಅವರು ಏನು ಹೇಳುತ್ತಿದ್ದಿರಬಹುದು ಎಂದು ಯೋಚಿಸುವಳು. ಅದಕ್ಕೆ ತಾನು ಕೊಡಬಹುದಾದ ಉತ್ತರವೂ ಹೊಳೆಯುವುದು. ತುಟಿ ತನ್ನಷ್ಟಕ್ಕೆ ಅಲುಗುವುದು.

ಚಳಿ ಶುರುವಾದಾಗ ಒಂದು ಮಧ್ಯಾಹ್ನ ಸೀತಮ್ಮನ ಫೋನು ಬಂತು.

"ಸಂಜೆ ಪರದೆ ಮುಂದೆ ಸುಮ್ಮನೆ ಕೂತಿರ್ತಾರೆ. ಆಡಲ್ಲ. ನಿಮ್ಮ ಹೆಸರಿನ ಮುಂದೆ ದೀಪ ಹತ್ತಿತಾ ಅಂತ ನೋಡ್ತಾರೆ."

ಸುವರ್ಣಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಲಕ್ವ ಹೊಡೆದ ಮೇಲೆ ಇವರು ಮಾತೇ ಬಿಟ್ಟಿದ್ರು, ಸುವರ್ಣಮ್ಮ. ನನ್ನ ಹತ್ರನೂ ಬರೀ ಹೂಂ, ಊಹೂಂ. ನಿಮ್ಮ ಜೊತೆ ಜಗಳ ಆಡಿ ಆಡಿ ಮಾತು ತಿರುಗಿ ಬಂತು. ನಾನು ಅಡುಗೆಮನೇಲಿ ನಿಂತು ಕೇಳಿಸ್ಕೊಳ್ತಿದ್ದೆ. ನಿಮ್ಮ ಮನಸ್ಸು ನಂಗೆ ಅರ್ಥ ಆಗಲ್ಲ ಅಂತಲ್ಲ. ಆದ್ರೂ ಬನ್ನಿ ಅಂತೀನಿ. ನಂಗೂ ಆ ಆಟ ಕಲಿಸ್ಕೊಡಿ."

ಎಷ್ಟೋ ಸಾವಿರ ಧ್ವನಿ ಕೇಳಿದ್ದ ಸುವರ್ಣಮ್ಮ ಆ ಧ್ವನಿಯಲ್ಲಿ ಕೊಂಕು ಹುಡುಕಿದಳು. ಸಿಗಲಿಲ್ಲ. ಫೋನಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ಎದ್ದು ಮುಖ ತೊಳೆದಳು.

ಈಗ ಸಂಜೆಯ ಆಟದಲ್ಲಿ ಇವರು ಮೂವರಿದ್ದಾರೆ. ಸೀತಮ್ಮ ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲಿ ಆಡುತ್ತಾರೆ. ಹಳ್ಳಕ್ಕೆ ಬೀಳುತ್ತಾರೆ, ಮರಕ್ಕೆ ಡಿಕ್ಕಿ ಹೊಡೆಯುತ್ತಾರೆ, ಕೊಂಬಿನ ಕರಡಿ ಬಂದರೆ ಹಚಾ ಹಚಾ ಎಂದು ಅಟ್ಟುತ್ತಾರೆ. ಮೊನ್ನೆ ಪರದೆಯ ಮೇಲಿನ ತಮ್ಮ ಬೊಂಬೆಯನ್ನು ಒಂದು ಗುಡ್ಡ ಹತ್ತಿಸುವಾಗ ಕೇಳಿದರು: "ಸುವರ್ಣಮ್ಮ, ಈ ಹುಡುಗಿಗೆ ಕಾಲು ನೋಯಲ್ವಾ? ಎಲ್ಲಾದ್ರೂ ಕೂರಿಸಬಹುದಾ?"

"ಕೂರಿಸಬಹುದು ಸೀತಮ್ಮ. ಕೆಳಗಿನ ಬಾಣದ ಗುರುತು ಒತ್ತಿ."

ಮೂರು ಬೊಂಬೆಗಳೂ ಗುಡ್ಡದ ತುದಿಯಲ್ಲಿ ಸಾಲಾಗಿ ಕೂತವು. ಪರದೆಯೊಳಗಿನ ಹೊತ್ತು ಮುಳುಗುತ್ತಿತ್ತು. ಆಚೆ ಕಡೆ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅವರಿಗೆ ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ಸುವರ್ಣಮ್ಮ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಕಾದಳು.